ನೋಡಿಯೇ ತಿರುಗಿಸಿದೆ, ಆದರೂ ಬೈಕ್ ಕಾಣಲಿಲ್ಲ

ಎಲ್ಲರಿಗೂ ನಮಸ್ಕಾರ.

ಕಾರಿಗೂ ಬೈಕಿಗೂ ಡಿಕ್ಕಿಯಾದಾಗ ಕಾರಿನವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ. "ನೋಡಿಯೇ ತಿರುಗಿಸಿದೆ, ಬೈಕ್ ಎಲ್ಲಿಂದ ಬಂತೋ ಗೊತ್ತಾಗಲಿಲ್ಲ." ಇದು ಸುಳ್ಳು ಅಂತ ಬೈಕಿನವರಿಗೆ ಅನಿಸುತ್ತದೆ. ಬಹಳ ಸಲ ಕಾರಿನವರ ಆ ಮಾತು ನಿಜವೇ. ಆದರೆ ನಿಜ ಅಂದ ಮಾತ್ರಕ್ಕೆ ತಪ್ಪು ಮನ್ನಾ ಆಗುವುದಿಲ್ಲ, ಅಲ್ವಾ? ಹಾಗಾಗಿ ಇವತ್ತು ಕಣ್ಣಿನ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ.

1981ರಲ್ಲಿ ಅಮೆರಿಕದ ಸಂಶೋಧಕ ಹ್ಯಾರಿ ಹರ್ಟ್ ಮತ್ತು ಅವರ ತಂಡದ ವರದಿ ಬಂತು. ಲಾಸ್ ಏಂಜಲೀಸ್ ಪ್ರದೇಶದ ಸುಮಾರು 900 ಬೈಕ್ ಅಪಘಾತಗಳನ್ನು ಅವರು ಜಾಗಕ್ಕೇ ಹೋಗಿ ನೋಡಿದ್ದರು. ಬೇರೆ ವಾಹನದ ಜೊತೆ ಆದ ಡಿಕ್ಕಿಗಳಲ್ಲಿ ಮೂರನೇ ಎರಡು ಪಾಲು, ಬೈಕಿಗೆ ಬಿಡಬೇಕಿದ್ದ ದಾರಿಯನ್ನು ಆ ವಾಹನದವರು ಬಿಟ್ಟಿರಲಿಲ್ಲ. ವರದಿ ಹಳೆಯದು. ಆದರೆ ನಮ್ಮ ಕಣ್ಣು ಆಗಿನದ್ದೇ!

ಕೂಡುರಸ್ತೆಯಲ್ಲಿ ನಾವು ಆ ಕಡೆ, ಈ ಕಡೆ ತಲೆ ತಿರುಗಿಸಿ ನೋಡುತ್ತೇವೆ. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವ ಆ ಕ್ಷಣದಲ್ಲಿ ಮೆದುಳು ಚಿತ್ರವನ್ನು ಸರಿಯಾಗಿ ಹಿಡಿಯುವುದೇ ಇಲ್ಲ. ಕಾರಿನಷ್ಟು ಅಗಲದ್ದು ಹೇಗೋ ಕಣ್ಣಿಗೆ ಬೀಳುತ್ತದೆ. ಬೈಕ್ ಆ ಸಂದಿಯಲ್ಲಿ ತಪ್ಪಿಹೋಗುತ್ತದೆ. ಸಾಲದ್ದಕ್ಕೆ ಮುಂದಿನ ಗಾಜಿನ ಪಕ್ಕದ ಕಂಬ ಬೇರೆ. ನೀವೂ ಚಲಿಸುತ್ತಾ, ಬೈಕೂ ಚಲಿಸುತ್ತಾ ಇದ್ದರೆ, ಅದು ಕೆಲವು ಸೆಕೆಂಡು ಪೂರ್ತಿ ಆ ಕಂಬದ ಹಿಂದೆಯೇ ಉಳಿಯಬಹುದು. ಅದಕ್ಕೇ ತಲೆಯನ್ನಷ್ಟೇ ತಿರುಗಿಸಿದರೆ ಸಾಲದು. ಸ್ವಲ್ಪ ಮುಂದೆ ಹಿಂದೆ ಬಾಗಿ ನೋಡಿ. ಎರಡನೇ ಸಲ ನೋಡುವಾಗ ಕಣ್ಣನ್ನು ಒಂದೊಂದು ಕಡೆ ಅರೆಕ್ಷಣ ನಿಲ್ಲಿಸಿ, "ಬೈಕ್ ಇದೆಯಾ?" ಅಂತ ಬೇಕೆಂದೇ ಹುಡುಕಿ. ಮನಸ್ಸು ಕಾರನ್ನಷ್ಟೇ ಹುಡುಕುತ್ತಿದ್ದರೆ ಕಣ್ಣಿಗೂ ಕಾರಷ್ಟೇ ಸಿಗುತ್ತದೆ.

ಬೈಕ್ ಕಂಡ ಮೇಲೂ ಒಂದು ತೊಡಕಿದೆ. ಹತ್ತಿರ ಬರುವ ವಾಹನ ಕಣ್ಣಿಗೆ ಎಷ್ಟು ಬೇಗ ದೊಡ್ಡದಾಗುತ್ತದೆ ಎಂಬುದರಿಂದ ನಾವು ವೇಗ ಅಳೆಯುತ್ತೇವೆ. ಬೈಕ್ ಸಣ್ಣದು. ಹಾಗಾಗಿ ಅದು ಇನ್ನೂ ದೂರ ಇದೆ, ನಿಧಾನ ಬರುತ್ತಿದೆ ಅನಿಸುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಬೈಕ್ 3 ಸೆಕೆಂಡಿಗೆ 50 ಮೀಟರ್ ದಾಟುತ್ತದೆ. ಎದುರಿನ ಲೇನ್ ದಾಟಿ ತಿರುಗುವಾಗ "ಆಗಬಹುದೇನೋ" ಅನಿಸಿದರೆ, ಆಗುವುದಿಲ್ಲ ಅಂತಲೇ ತಿಳಿದು ಕಾಯಿರಿ.

ಬೈಕಿನ ಹಿಂದೆ ಹೋಗುವಾಗ ಕನಿಷ್ಠ 3 ಸೆಕೆಂಡಿನ ಅಂತರ ಇರಲಿ, ಅಂದರೆ ಬೈಕ್ ದಾಟಿದ ಜಾಗವನ್ನು ನೀವು 3 ಸೆಕೆಂಡ್ ಆದ ಮೇಲೆ ದಾಟುವಷ್ಟು. ಮಳೆಯಲ್ಲಿ ಇನ್ನೂ ಜಾಸ್ತಿ. ಬೈಕಿನವರು ಗೇರ್ ಇಳಿಸಿಯೇ ವೇಗ ತಗ್ಗಿಸಬಹುದು. ಆಗ ಹಿಂದಿನ ಬ್ರೇಕ್ ಲೈಟ್ ಹತ್ತುವುದಿಲ್ಲ. ಅವರು ಲೇನಿನೊಳಗೇ ಅತ್ತಿತ್ತ ಸರಿಯುವುದನ್ನು ಕಂಡು ಹಾರ್ನ್ ಹೊಡೆಯುವವರಿದ್ದಾರೆ. ಗುಂಡಿ, ಮರಳು, ಚೆಲ್ಲಿದ ಎಣ್ಣೆ, ಒದ್ದೆಯಾದ ಬಣ್ಣದ ಪಟ್ಟಿ, ಇವೆಲ್ಲ ಕಾರಿಗೆ ಲೆಕ್ಕಕ್ಕೇ ಇಲ್ಲ, ಎರಡು ಚಕ್ರದವರಿಗೆ ಬೀಳಲು ಅಷ್ಟು ಸಾಕು. ಇನ್ನು ಬೈಕಿನ ಇಂಡಿಕೇಟರ್ ನಂಬಿ ಮುಂದೆ ನುಗ್ಗಬೇಡಿ. ಎಷ್ಟೋ ಬೈಕುಗಳಲ್ಲಿ ಅದು ತಾನಾಗಿ ಆಫ್ ಆಗುವುದಿಲ್ಲ, ಸವಾರರು ಮರೆತಿರುತ್ತಾರೆ.

ನಿಂತ ಕಾರೂ ಅಪಾಯವೇ. ರಸ್ತೆ ಕಡೆಯ ಬಾಗಿಲನ್ನು ಅದಕ್ಕೆ ಹತ್ತಿರದ ಕೈಯಿಂದ ತೆಗೆಯಬೇಡಿ, ಆಚೆ ಕೈಯಿಂದ ತೆಗೆಯಿರಿ. ಆಗ ಮೈ ತಾನಾಗಿ ತಿರುಗುತ್ತದೆ, ಹಿಂದೆ ಬರುವವರು ಕಾಣುತ್ತಾರೆ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರೆ, ನೀವು ಇಳಿದು ಬಂದು ಹೇಳುವ ತನಕ ಅವರು ಬಾಗಿಲು ಮುಟ್ಟದಿರಲಿ.