ಕಾರ್ಲೈಲ್ ತಂಡ ಸೋತ ವರ್ಷ

ಕೇಳುಗರಿಗೆಲ್ಲ ನಮಸ್ಕಾರ. ಟೂರ್ನಮೆಂಟಲ್ಲಿ ಸೋತು ಬಂದು ಹಾಸ್ಟೆಲ್ ರೂಮಲ್ಲಿ ಮುಖ ಊದಿಸಿಕೊಂಡು ಕೂತಿರುವ ಹುಡುಗರಿದ್ದರೆ, ಈ ಮಾತು ಮೊದಲು ನಿಮಗೆ. ನಿಮ್ಮ ಕೋಚ್ ಸಾಹೇಬರನ್ನೂ ಹತ್ತಿರ ಕರೆದುಕೊಳ್ಳಿ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಾರ್ಲೈಲ್ ಅಂತ ಊರು. 1879ರಲ್ಲಿ ಅಲ್ಲಿ ಮೂಲನಿವಾಸಿ ಮಕ್ಕಳಿಗೆ ಒಂದು ಸರ್ಕಾರಿ ವಸತಿ ಶಾಲೆ ಶುರುವಾಯಿತು. ಮಕ್ಕಳ ಉದ್ದ ಕೂದಲು ಕತ್ತರಿಸಿದರು, ಮನೆಮಾತು ಆಡಬಾರದು ಅಂದರು. ಅಂಥ ಜಾಗದ ಫುಟ್ಬಾಲ್ ತಂಡ ದೊಡ್ಡ ದೊಡ್ಡ ಕಾಲೇಜುಗಳ ಎದುರು ಆಡುತ್ತಿತ್ತು. ಇದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್ಬಾಲ್, ನೆನಪಿರಲಿ. 1912ರಲ್ಲಿ ಅವರು 12 ಪಂದ್ಯ ಗೆದ್ದು ಒಂದೇ ಒಂದು ಸೋತರು. 1914ರಲ್ಲಿ ಗೆದ್ದದ್ದು ಬರೀ 5. ಸೋತದ್ದು ಅದರ ಹತ್ತಿರಹತ್ತಿರ ಎರಡರಷ್ಟು. ಎರಡೂ ವರ್ಷ ಕೋಚ್ ಒಬ್ಬನೇ, ಪಾಪ್ ವಾರ್ನರ್.

ಹುಡುಗರು ಕೆಟ್ಟರಾ? ಇಲ್ಲ. ಕೆಟ್ಟದ್ದು ಆಫೀಸು, ಅಂದರೆ ಶಾಲೆ ನಡೆಸುವವರು.

ಆ ಶಾಲೆಯ ಹುಡುಗರು ಎಂಥವರು ಅಂತ ಒಂದು ಕತೆ ಹೇಳಲೇಬೇಕು. 1903, ಎದುರಾಳಿ ಹಾರ್ವರ್ಡ್. ಎರಡನೇ ಅರ್ಧದ ಮೊದಲ ಒದೆತ. ಕಾರ್ಲೈಲಿನ ಜಿಮ್ಮಿ ಜಾನ್ಸನ್ ಚೆಂಡು ಹಿಡಿದ. ಉಳಿದವರು ಅವನನ್ನು ಸುತ್ತುಗಟ್ಟಿದರು. ಆ ಗುಂಪಿನೊಳಗೆ ಚೆಂಡು ಹೋಗಿ ಸೇರಿದ್ದು ಚಾರ್ಲಿ ಡಿಲನ್ ಜೆರ್ಸಿಯ ಬೆನ್ನೊಳಗೆ! ಚೆಂಡು ಬೀಳದಿರಲಿ ಅಂತ ಜೆರ್ಸಿಯ ಅಂಚಿಗೆ ಮೊದಲೇ ಎಲಾಸ್ಟಿಕ್ ಹೊಲಿಸಿದ್ದರು. ಆಮೇಲೆ ಎಲ್ಲರೂ ದಿಕ್ಕಾಪಾಲು ಓಡಿದರು, ಚೆಂಡು ತಮ್ಮ ಹತ್ತಿರವೇ ಇದೆ ಅನ್ನುವ ಹಾಗೆ ಹೊಟ್ಟೆ ಅವುಚಿಕೊಂಡು. ಹಾರ್ವರ್ಡ್ ಹುಡುಗರು ಸಿಕ್ಕಸಿಕ್ಕವರನ್ನೆಲ್ಲ ಕೆಡವಿದರು. ಡಿಲನ್ ಮಾತ್ರ ಎರಡೂ ಕೈ ಬೀಸಿಕೊಂಡು ನೇರ ಓಡಿದ. ಕೈ ಖಾಲಿ ಇದ್ದವನನ್ನು ಯಾರು ಹಿಡಿಯುತ್ತಾರೆ? ಟಚ್‌ಡೌನ್! ಅಂದರೆ ಚೆಂಡಿನ ಜೊತೆ ಎದುರಾಳಿಯ ಗೆರೆ ದಾಟಿ ಅಂಕ. ನಿಯಮದಲ್ಲಿ ಹೀಗೆ ಮಾಡಬಾರದು ಅಂತ ಎಲ್ಲೂ ಇರಲಿಲ್ಲ. ಕೊನೆಗೆ ಹಾರ್ವರ್ಡ್ ಗೆದ್ದದ್ದು ನಿಜ, ಆದರೆ 12-11, ಒಂದೇ ಅಂಕ. ನಾನಂತೂ ಆ ಪಂದ್ಯವನ್ನು ಸೋಲು ಅಂತ ಲೆಕ್ಕಕ್ಕೇ ಇಡುವುದಿಲ್ಲ.

ಸಮಯ ಓಡುತ್ತಿದೆ, 1914ಕ್ಕೆ ಬರುತ್ತೇನೆ. ತಂಡದ ದೊಡ್ಡ ಆಟಗಾರ ಜಿಮ್ ಥಾರ್ಪ್ ಬಿಟ್ಟುಹೋದದ್ದಕ್ಕೆ ಸೋತರು ಅಂತ ಸುಮ್ನೆ ಹೇಳಿಬಿಡುತ್ತಾರೆ. 1913ರಲ್ಲೂ ಥಾರ್ಪ್ ಇರಲಿಲ್ಲ ಸ್ವಾಮಿ, ಆಗ ಸೋತದ್ದು ಒಂದೇ! ನಡುವೆ ಆದದ್ದು ಬೇರೆ. ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಗಸ್ ವೆಲ್ಚ್ ಶಾಲೆಯ ತನಿಖೆ ಮಾಡಿ ಅಂತ ಒಂದು ಅರ್ಜಿ ಬರೆಸಿ, 200ಕ್ಕೂ ಹೆಚ್ಚು ವಿದ್ಯಾರ್ಥಿಗಳ ಸಹಿ ಹಾಕಿಸಿದ. 1914ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೇ ಶಾಲೆಗೆ ಬಂತು. ಮಕ್ಕಳು ಹೇಳಿದ್ದೇನು? ಹೊಟ್ಟೆ ತುಂಬ ಊಟ ಇಲ್ಲ, ಹೊಡೆತ ಇದೆ. ಕೋಚ್ ಬಾಯಿಗೆ ಬಂದಂತೆ ಬೈಯುತ್ತಾರೆ. ಪಂದ್ಯಗಳಿಂದ ಬಂದ ದುಡ್ಡಿನ ಲೆಕ್ಕವೂ ಹೊರಬಿತ್ತು. ಅದು ವಾರ್ನರ್ ಕೈಯಲ್ಲೇ ಇತ್ತು. ಶಾಲೆಯ ಮುಖ್ಯಸ್ಥ ಫ್ರೀಡ್‌ಮನ್ ಕೆಲಸ ಹೋಯಿತು. ಅಂಥ ವರ್ಷ ಯಾವ ತಂಡ ಗೆಲ್ಲುತ್ತದೆ ಹೇಳಿ? ಕೋಚ್ ಸಾಹೇಬರೇ, ಹುಡುಗರನ್ನು ಬೈಯುವ ಮೊದಲು ಹಾಸ್ಟೆಲ್ ಅಡುಗೆಮನೆಗೆ ಹೋಗಿ ಬನ್ನಿ. ಕೆಟ್ಟದ್ದು ಆಫೀಸು ಅಂದೆನಲ್ಲ, ಅದಕ್ಕೇ.

1915ರಲ್ಲಿ ವಾರ್ನರ್ ಪಿಟ್ಸ್‌ಬರ್ಗ್‌ಗೆ ಹೋದ. ಆ ವರ್ಷ ಕಾರ್ಲೈಲ್ ಹುಡುಗರು ಅವನ ಹೊಸ ತಂಡದ ಎದುರೇ 45-0 ಸೋತರು. 1917ರಲ್ಲಿ ಜಾರ್ಜಿಯಾ ಟೆಕ್ ಕಾಲೇಜಿನ ಎದುರು 98-0. ಮಾರನೇ ವರ್ಷ ಶಾಲೆಯನ್ನೇ ಮುಚ್ಚಿ, ಕಟ್ಟಡಗಳನ್ನು ಸೈನ್ಯದ ಆಸ್ಪತ್ರೆ ಮಾಡಿದರು. ಬರುತ್ತೇನೆ, ನಮಸ್ಕಾರ.