ಕಾರ್ಟಿಸಾಲ್ ಪರ ಒಂದಿಷ್ಟು ವಕಾಲತ್ತು

ಎಲ್ಲರಿಗೂ ನಮಸ್ಕಾರ. ನೀವು ಬರೆದು ಕೊಟ್ಟ ಚೀಟಿಗಳನ್ನು ಈಗಷ್ಟೇ ಓದಿದೆ. ಅರ್ಧಕ್ಕಿಂತ ಹೆಚ್ಚು ಚೀಟಿಗಳಲ್ಲಿ ಒಂದೇ ಪ್ರಶ್ನೆ: ‘ಕಾರ್ಟಿಸಾಲ್ ಇಳಿಸುವುದು ಹೇಗೆ?’ ‘ಒತ್ತಡದ ಹಾರ್ಮೋನು’ ಎಂದು ಹೆಸರಾದ ಇದಕ್ಕೆ ವಿಚಾರಣೆಗೆ ಮೊದಲೇ ಶಿಕ್ಷೆ ಬರೆದಂತಿದೆ! ಹಾಗಾಗಿ ಇವತ್ತು ಆರೋಪಿಯ ಪರವಾಗಿ ನಿಲ್ಲುತ್ತೇನೆ.

ಬೆಳಿಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಯೊಳಗೆ ನಿಮ್ಮ ರಕ್ತದಲ್ಲಿ ಕಾರ್ಟಿಸಾಲ್ ಏರಿರುತ್ತದೆ. ಯಾರೂ ಬೈದಿರಬೇಕಾಗಿಲ್ಲ, ಕೆಟ್ಟ ಸುದ್ದಿಯೂ ಬಂದಿರಬೇಕಾಗಿಲ್ಲ. ದೇಹ ದಿನಕ್ಕೆ ಅಣಿಯಾಗುವ ಬಗೆಯೇ ಅದು. ರಾತ್ರಿ ಮಲಗುವವರಲ್ಲಿ ನಡುರಾತ್ರಿಯ ಹೊತ್ತಿಗೆ ತಳಕ್ಕಿಳಿಯುತ್ತದೆ.

ಒತ್ತಡ ಎದುರಾದಾಗ ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ, ಪಿಟ್ಯುಟರಿಯು ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಗಳಿಗೆ. ಅಲ್ಲಿಂದ ಹೊರಟ ಕಾರ್ಟಿಸಾಲ್ ರಕ್ತದ ಜೊತೆ ಮಿದುಳಿಗೆ ಮರಳಿ, ‘ಇನ್ನು ಸಾಕು’ ಎಂದು ತನ್ನ ಉತ್ಪಾದನೆಗೆ ತಾನೇ ತಡೆ ಹಾಕುತ್ತದೆ. ನನಗೆ ಸೋಜಿಗವೆನಿಸುವುದು ಇದೇ. ಆ ಮಾತನ್ನು ಕೇಳಿಸಿಕೊಳ್ಳುವ ಜಾಗಗಳಲ್ಲಿ ಹಿಪೊಕ್ಯಾಂಪಸ್ ಒಂದು. ಹೊಸ ನೆನಪುಗಳನ್ನು ಕಟ್ಟುವುದರಲ್ಲಿಯೂ ಅದರದೇ ಮುಖ್ಯ ಪಾತ್ರ. ಇಲಿಗಳಲ್ಲಿ ಒತ್ತಡದ ಹಾರ್ಮೋನು ಹೋಗಿ ಅಂಟಿಕೊಳ್ಳುವುದು ಅಲ್ಲಿಯೇ ಎಂದು ನರವಿಜ್ಞಾನಿ ಬ್ರೂಸ್ ಮ್ಯಾಕ್‌ಯೂಅನ್ ಮತ್ತು ಸಂಗಡಿಗರು 1968ರಲ್ಲಿ ತೋರಿಸಿದರು.

ತೊಂದರೆ ಇರುವುದು ಏರಿದ್ದು ಇಳಿಯದಿದ್ದಾಗ. ದೀರ್ಘಕಾಲ ಒತ್ತಡಕ್ಕೆ ಒಳಗಾದ ಪ್ರಾಣಿಗಳ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಮೊಟಕಾಗುತ್ತವೆ. ಕೇಳುವವರೇ ಸೊರಗಿದರೆ ‘ಸಾಕು’ ಎಂದದ್ದು ಯಾರಿಗೆ ಕೇಳಬೇಕು?

‘ಹಾಗಾದರೆ ಹೋದದ್ದು ಹೋದಂತೆಯೇ?’ ಎಂದು ಒಬ್ಬರು ಕೇಳಿದ್ದಾರೆ. ಕಾರ್ಟಿಸಾಲ್ ವಿಪರೀತವಾಗುವ ಕುಶಿಂಗ್ ಕಾಯಿಲೆಯಲ್ಲಿ ಹಿಪೊಕ್ಯಾಂಪಸ್ ಕುಗ್ಗುವುದುಂಟು. ಚಿಕಿತ್ಸೆಯಾಗಿ ಹಾರ್ಮೋನು ಇಳಿದ ಮೇಲೆ ಅದು ಒಂದಿಷ್ಟು ಹಿಗ್ಗಿದ್ದು ಸ್ಕ್ಯಾನ್‌ಗಳಲ್ಲಿ ಕಂಡಿದೆ. ಒಂದಿಷ್ಟು ಎಂದೆ, ಪೂರ್ತಿ ಎನ್ನಲಿಲ್ಲ.

ಡೋಪಮಿನ್ ಎಂಬ ಮಿದುಳಿನ ರಾಸಾಯನಿಕದ ಬಗ್ಗೆ ಕೇಳಿದವರಿಗೆ ನರವಿಜ್ಞಾನಿ ವುಲ್ಫ್‌ರಾಮ್ ಶುಲ್ಟ್ಸ್ ಅವರ ಕೋತಿಗಳ ಕಥೆ. ನಾಲಿಗೆಗೆ ಹಣ್ಣಿನ ರಸ ಬಿದ್ದಾಗ ಡೋಪಮಿನ್ ಕೋಶಗಳು ಚುರುಕಾದವು. ದೀಪ ಹೊತ್ತಿದರೆ ರಸ ಬರುತ್ತದೆಂದು ಕೋತಿ ಕಲಿತ ಮೇಲೆ ಅವು ದೀಪಕ್ಕೇ ಚುರುಕಾದವು, ರಸಕ್ಕೆ ಜಗ್ಗಲಿಲ್ಲ. ದೀಪ ಹೊತ್ತಿಯೂ ರಸ ಬರದಿದ್ದಾಗ ಅದೇ ಗಳಿಗೆಗೆ ಮೌನವಾದವು. ಎಣಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರದ ಲೆಕ್ಕ ಅದು. ‘ಸುಖದ ರಾಸಾಯನಿಕ’ ಎಂಬ ಬಿರುದು ಅದಕ್ಕೆ ಹೊಂದುವುದಿಲ್ಲ. ಇನ್ನು ಮನಸ್ಸಿನ ಸ್ಥಿತಿಯ ಮಾತು ಬಂದಾಗ ಕೇಳಿಬರುವ ಮತ್ತೊಂದು ರಾಸಾಯನಿಕ, ಸೆರೊಟೊನಿನ್: ದೇಹದಲ್ಲಿರುವುದರ ಸುಮಾರು 90 ಶೇಕಡ ಇರುವುದು ಕರುಳಿನಲ್ಲಿ, ಅದು ಮಿದುಳಿನೊಳಕ್ಕೆ ದಾಟುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಮನಸ್ಸಿನ ಸ್ಥಿತಿ ಹುಡುಕಬೇಡಿ.

ಕೊನೆಯ ಚೀಟಿ, ಮುಪ್ಪಿನ ಮರೆವಿನ ಬಗ್ಗೆ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗದ 2024ರ ವರದಿ ನಾವು ಬದಲಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿದೆ. ಅವುಗಳನ್ನೆಲ್ಲ ನಿವಾರಿಸಿದರೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಪ್ರಕರಣಗಳಲ್ಲಿ ಸುಮಾರು 45 ಶೇಕಡದಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಆದ್ದರಿಂದ ಕಾರ್ಟಿಸಾಲ್ ಇಳಿಸುವ ಪುಡಿ ಯಾವುದೆಂದು ಕೇಳಿದವರು ಮೊದಲು ರಕ್ತದೊತ್ತಡ ನೋಡಿಸಿಕೊಳ್ಳಿ, ಟಿವಿಯ ಸದ್ದು ಹೆಚ್ಚಿಸುವಂತಾಗಿದ್ದರೆ ಕಿವಿ ತೋರಿಸಿ. ಆ ಪಟ್ಟಿಯಲ್ಲಿ ಅವೆರಡೂ ಇವೆ, ಕಾರ್ಟಿಸಾಲ್‌ನ ಹೆಸರಿಲ್ಲ.