ಕೆಲಸಕ್ಕೆ ಕಾಯಿಸಬೇಡಿ

ಕೇಳುಗ ಬಂಧುಗಳಿಗೆ ನಮಸ್ಕಾರ.

ಈ ಹೊತ್ತಿನಲ್ಲಿ ಯಾರು ಯಾರು ರೇಡಿಯೋ ಕೇಳುತ್ತಿರುತ್ತೀರಿ ಅಂತ ನನಗೆ ಅಂದಾಜಿದೆ. ಸೈನ್ಯದಿಂದ ನಿವೃತ್ತರಾಗಿ ಬಂದು, ಬೆಳಿಗ್ಗೆ ತೋಟಕ್ಕೆ ಒಂದು ಸುತ್ತು ಹಾಕಿ, ಈಗ ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕೂತಿರುವ ಕೊಡಗಿನ ಹಿರಿಯರು. ಮಗನನ್ನೋ ಅಳಿಯನನ್ನೋ ಸೇನೆಗೆ ಕಳಿಸಿರುವ ತಾಯಂದಿರು. ಪೇಟೆಯಲ್ಲಿ ಗ್ಯಾರೇಜ್, ಅಂಗಡಿ, ಹೋಟೆಲ್ ನಡೆಸುತ್ತಾ, ಕೈ ಕೆಲಸ ಬಿಡದೆ ಕಿವಿ ಮಾತ್ರ ಇತ್ತ ಕೊಟ್ಟಿರುವವರು. ಇವತ್ತಿನ ಮಾತು ನಿಮಗೇ. ಅದರಲ್ಲೂ ಗ್ಯಾರೇಜ್ ಇಟ್ಟುಕೊಂಡಿರುವವರು ರೇಡಿಯೋ ಸ್ವಲ್ಪ ಜೋರು ಮಾಡಿಕೊಳ್ಳಿ.

ನಾನು 11 ವರ್ಷ ಅಮೆರಿಕದ ಓಹಾಯೋ ರಾಜ್ಯದಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ಉದ್ಯೋಗ ಸಲಹೆಗಾರ್ತಿ ಆಗಿದ್ದೆ. ನಾನು ಡಾಕ್ಟರ್ ಅಲ್ಲ, ಔಷಧಿ ಕೊಡುವವಳಲ್ಲ. ನೋವಿನ ಮಾತ್ರೆ, ಹೆರಾಯಿನ್ ಚಟಕ್ಕೆ ಸಿಕ್ಕಿ ಅದರಿಂದ ಹೊರಗೆ ಬರುತ್ತಿರುವ ಸೈನಿಕರಿಗೆ ಕೆಲಸ ಹುಡುಕಿಕೊಡುವುದು, ಆ ಕೆಲಸದಲ್ಲಿ ಅವರು ನಿಲ್ಲುವಂತೆ ನೋಡಿಕೊಳ್ಳುವುದು, ಇದು ನನ್ನ ಕೆಲಸವಾಗಿತ್ತು. ಆ 11 ವರ್ಷದಲ್ಲಿ ಕಲಿತ ಒಂದೇ ಒಂದು ಮಾತು ಹೇಳುವುದಕ್ಕೆ ಬಂದಿದ್ದೇನೆ. ಪೂರ್ತಿ ಗುಣವಾಗಲಿ, ಆಮೇಲೆ ಕೆಲಸ ನೋಡೋಣ ಅಂತ ಇವರನ್ನು ಕಾಯಿಸಬೇಡಿ. ಕೆಲಸವೂ ಚಿಕಿತ್ಸೆಯ ಒಂದು ಭಾಗ. ಮೊದಲ ದಿನದಿಂದಲೇ ಬೇಕು.

ಈ ನೋವಿನ ಮಾತ್ರೆ, ಹೆರಾಯಿನ್‌ಗಳಿಗೆ ಓಪಿಯಾಯ್ಡ್ ಅನ್ನುತ್ತಾರೆ, ಅಂದರೆ ಅಫೀಮಿನ ಬಳಗ. ಮಾರ್ಫಿನ್, ಹೆರಾಯಿನ್, ಆಕ್ಸಿಕೋಡೋನ್, ಫೆಂಟನಿಲ್ ಎಲ್ಲ ಅದೇ ಮನೆಯವು. ನಮ್ಮ ಔಷಧಿ ಅಂಗಡಿಯಲ್ಲಿ ಚೀಟಿಗೆ ಸಿಗುವ ಟ್ರಮಡಾಲ್ ಕೂಡ ಅದರ ನೆಂಟ. ನೋವಿಗೆ ಒಳ್ಳೆಯ ಔಷಧಿಗಳು, ಆದರೆ ಮೈ ಅದಕ್ಕೆ ಒಗ್ಗಿಹೋದರೆ ಬಿಡುವುದು ಬಹಳ ಕಷ್ಟ. ಬಿಟ್ಟ ದಿನ ಮೂಳೆಯೊಳಗಿನಿಂದ ನೋವು ಏಳುತ್ತದೆ, ಬೆವರು, ವಾಂತಿ, ನಿದ್ದೆ ಇಲ್ಲ. ಮನಸ್ಸು ಗಟ್ಟಿ ಮಾಡಿಕೋ ಅಂತ ಬೈದರೆ ಇದು ಹೋಗುವುದಿಲ್ಲ. ದಯವಿಟ್ಟು ಬೈಯಬೇಡಿ.

ಹಳೆಯ ಕಥೆ ಒಂದಿದೆ, ಬೇಗ ಹೇಳಿಬಿಡುತ್ತೇನೆ. 1971ನೇ ಇಸವಿ. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸೈನಿಕರಿಗೆ ಹೆರಾಯಿನ್ ಸುಲಭವಾಗಿ ಸಿಗುತ್ತಿತ್ತು. ಹತ್ತಿರ ಹತ್ತಿರ ಐದರಲ್ಲಿ ಒಬ್ಬನಿಗೆ ಚಟ ಹತ್ತಿತ್ತು. ಸರ್ಕಾರಕ್ಕೆ ಗಾಬರಿಯಾಯಿತು. ಮೂತ್ರ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಊರಿಗೆ ವಿಮಾನ ಅಂತ ಅಧ್ಯಕ್ಷ ನಿಕ್ಸನ್ ಆಡಳಿತ ನಿಯಮ ಮಾಡಿತು. ಲೀ ರಾಬಿನ್ಸ್ ಎಂಬ ಸಮಾಜಶಾಸ್ತ್ರಜ್ಞೆ, ಆ ಸೆಪ್ಟೆಂಬರ್ ತಿಂಗಳಲ್ಲಿ ಮನೆಗೆ ಮರಳಿದ ಸೈನಿಕರನ್ನು ಹುಡುಕಿಸಿ ಮಾತಾಡಿಸಿದರು. ಅಲ್ಲಿ ಚಟ ಹತ್ತಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ 5 ಜನ ಮಾತ್ರ! ಯಾರಿಗೂ ನಂಬಲಿಕ್ಕೆ ಆಗಲಿಲ್ಲ. ಜಾಗ ಬದಲಾಗಿತ್ತು, ಜೊತೆಗಿರುವವರು ಬದಲಾಗಿದ್ದರು, ಬೆಳಗಾದರೆ ಮಾಡುವ ಕೆಲಸ ಬದಲಾಗಿತ್ತು. ನಾನು ಇದರಿಂದ ತೆಗೆದುಕೊಂಡದ್ದು ಇಷ್ಟು: ದಿನ ಬದಲಾದರೆ ಮನುಷ್ಯ ಬದಲಾಗುತ್ತಾನೆ.

ಇರಾಕ್, ಆಫ್ಘಾನಿಸ್ತಾನ ಯುದ್ಧಗಳಲ್ಲಿ ಇದು ತಿರುಗುಮುರುಗಾಯಿತು. ಬೆನ್ನು, ಮಂಡಿ, ಭುಜ ಹಾಳು ಮಾಡಿಕೊಂಡು ಬಂದ ಹುಡುಗರ ಕೈಗೆ ಆಸ್ಪತ್ರೆಗಳೇ ಮಾತ್ರೆ ಕೊಟ್ಟವು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೊಟ್ಟವು. ಆಮೇಲೆ ತಪ್ಪು ಗೊತ್ತಾಗಿ, 2013ರ ಸುಮಾರಿಗೆ, ಮಾತ್ರೆ ಕಡಿಮೆ ಮಾಡುತ್ತಾ ಬಂದರು. ಮಾತ್ರೆ ನಿಂತವರಲ್ಲಿ ಕೆಲವರು ಬೀದಿಯಲ್ಲಿ ಸಿಗುವ ಹೆರಾಯಿನ್‌ಗೆ ಹೋದರು. ಅಂದರೆ ಈ ಸಲ ಚಟ ಇದ್ದದ್ದು ಊರಿನಲ್ಲೇ. ಖಾಲಿ ದಿನ, ಕತ್ತಲೆ ಕೋಣೆ, ಅದೇ ಸೋಫಾ.

ಅಂಥ ಒಬ್ಬನ ಕಥೆ ಹೇಳುತ್ತೇನೆ. ಹೆಸರು ಹೇಳುವುದಿಲ್ಲ.

ಇರಾಕಿನಲ್ಲಿ ಸೇನೆಯ ವಾಹನ ರಿಪೇರಿ ಮಾಡುತ್ತಿದ್ದವನು. ನಮ್ಮಲ್ಲಿ ಇಎಂಇ ಅಂತೀವಲ್ಲ, ಆ ಥರ. ಒಂದು ಸ್ಫೋಟದಲ್ಲಿ ಬೆನ್ನುಮೂಳೆಗೆ ಪೆಟ್ಟು. ಮಾತ್ರೆ, ಆಮೇಲೆ ಹೆರಾಯಿನ್. ಹೆಂಡತಿ ಹೋದಳು, ಮನೆ ಹೋಯಿತು, ತಂಗಿಯ ಮನೆಯ ನೆಲಮಾಳಿಗೆಯಲ್ಲಿ ಮಲಗುತ್ತಿದ್ದ. ನನ್ನ ಹತ್ತಿರ ಬಂದಾಗ ಬ್ಯುಪ್ರೆನಾರ್ಫಿನ್ ಶುರುವಾಗಿ ಮೂರು ವಾರ ಆಗಿತ್ತು. ನಾಲಿಗೆ ಕೆಳಗೆ ಇಟ್ಟು ಕರಗಿಸಿಕೊಳ್ಳುವ ಔಷಧಿ ಅದು. ಮೈ ನಡುಕ, ಹಂಬಲ ಎರಡನ್ನೂ ಹಿಡಿದು ನಿಲ್ಲಿಸುತ್ತದೆ.

ಅವನಿಗೆ ಎಲ್ಲರೂ ಹೇಳಿದ್ದು ಒಂದೇ ಮಾತು. ಆರು ತಿಂಗಳು ಮುಟ್ಟದೆ ಇರು, ಆಮೇಲೆ ಕೆಲಸದ ವಿಚಾರ. ಅವನು ನನ್ನ ಎದುರು ಕೂತು ಕೇಳಿದ: "ಮೇಡಂ, ಆರು ತಿಂಗಳು ಬೆಳಿಗ್ಗೆ ಎದ್ದು ನಾನು ಏನು ಮಾಡಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆಯಾ? ಬಿಗಿಲ್ ಊದಿದಾಗ ಏಳು, ಊದಿದಾಗ ಮಲಗು ಅಂತ ಬದುಕಿದವನು. ಅವನಿಗೆ ಖಾಲಿ ದಿನಕ್ಕಿಂತ ದೊಡ್ಡ ಅಪಾಯ ಇಲ್ಲ.

ಊರಾಚೆ ಒಂದು ಗ್ಯಾರೇಜ್ ಇತ್ತು. ಅಪ್ಪ, ಮಗಳು ಇಬ್ಬರೇ ನಡೆಸುತ್ತಿದ್ದರು. ಮೊದಲ ಸಲ ನನ್ನ ಕಾರಿನ ಆಯಿಲ್ ಬದಲಿಸಲು ಹೋದೆ. ಎರಡನೇ ಸಲ ಸುಮ್ನೆ ಮಾತಾಡಲು ಹೋದೆ. ನಿಮಗೆ ಎಂಥ ಆಳು ಬೇಕು, ಎಲ್ಲಿ ಕೈ ಸಾಲುತ್ತಿಲ್ಲ ಅಂತ ಕೇಳಿದೆ. ಮೂರನೇ ಸಲ ಇವನ ವಿಷಯ ತೆಗೆದೆ. ಎಷ್ಟು ಹೇಳಬಹುದು ಅಂತ ಮೊದಲೇ ಇವನನ್ನು ಕೇಳಿಕೊಂಡು ಹೋಗಿದ್ದೆ. ಯಜಮಾನ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ: "ಹೇಳಿದ ಟೈಮಿಗೆ ಬರ್ತಾನಾ?"

ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಪೂರ್ತಿ ಸಂಬಳದ ಲೆಕ್ಕದಲ್ಲಿ ಅಂತ ಮಾತಾಯಿತು. ಆಸ್ಪತ್ರೆಗೆ ಬರಬೇಕಾದ ಮಂಗಳವಾರ ರಜ.

ಮೊದಲ ದಿನ ನಾನೂ ಹೋದೆ. ಎಂಟಕ್ಕೆ ಕೆಲಸ. ನಾನು ಏಳೂಕಾಲಿಗೆ ಹೋದರೆ ತಂಗಿಯ ಹಳೇ ಕಾರು ಅಷ್ಟೊತ್ತಿಗೇ ರಸ್ತೆ ಪಕ್ಕ ನಿಂತಿದೆ. ಒಳಗೆ ಇವನು, ಸ್ಟೀರಿಂಗ್ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಾನೆ. ಇಂಜಿನ್ ಆಫ್ ಆಗಿದೆ. ಹೊರಗೆ ಮಂಜು ಬೀಳುತ್ತಿದೆ. ನಾನು ಪಕ್ಕದ ಸೀಟಿನಲ್ಲಿ ಹೋಗಿ ಕೂತೆ. ಮುಕ್ಕಾಲು ಗಂಟೆ ಇಬ್ಬರೂ ಏನೂ ಮಾತಾಡಲಿಲ್ಲ.

ಒಳಗೆ ಒಂದು ಪಿಕಪ್ ಟ್ರಕ್ ಎರಡು ದಿನದಿಂದ ನಿಂತಿತ್ತು. ಇಂಜಿನ್‌ನಿಂದ ಕರಕರ ಸದ್ದು, ಎಲ್ಲಿಂದ ಅಂತ ಗೊತ್ತಾಗುತ್ತಿಲ್ಲ. ಇವನು ಉದ್ದದ ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡ. ಇಂಜಿನ್ ಓಡುತ್ತಿರುವಾಗಲೇ ಅದರ ತುದಿಯನ್ನು ಒಂದೊಂದೇ ಭಾಗಕ್ಕೆ ಮುಟ್ಟಿಸಿ, ಹಿಡಿಯನ್ನು ಕಿವಿಗೆ ಒತ್ತಿ ಹಿಡಿದ. ಡಾಕ್ಟರ್ ಎದೆಬಡಿತ ಕೇಳುವ ಹಾಗೆ. ಕಣ್ಣು ಮುಚ್ಚಿದ್ದ. ಆಲ್ಟರ್ನೇಟರ್, ಅಲ್ಲ. ಬೆಲ್ಟಿನ ಪುಲ್ಲಿ, ಅಲ್ಲ. ಆಮೇಲೆ ಒಂದು ಕಡೆ ನಿಂತ. "ವಾಟರ್ ಪಂಪ್ ಬೇರಿಂಗ್" ಅಂದ. ಬಿಚ್ಚಿ ನೋಡಿದರೆ ಅದೇ. ಆಗ ಅವನ ಕೈ ನೋಡಿದೆ. ಅರ್ಧ ಗಂಟೆ ಮುಂಚೆ ಸ್ಟೀರಿಂಗ್ ಮೇಲೆ ನಡುಗುತ್ತಿದ್ದ ಕೈ, ಈಗ ಒಂದಿಷ್ಟೂ ಅಲುಗುತ್ತಿರಲಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಎರಡನೇ ತಿಂಗಳು ಸಂಬಳದ ಚೆಕ್ ಬಂದ ಶುಕ್ರವಾರ ಜಾರಿಬಿದ್ದ. ಸೋಮವಾರ ಕೆಲಸಕ್ಕೆ ಬರಲಿಲ್ಲ. ಹಳೇ ಪದ್ಧತಿಯಲ್ಲಾದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. "ನೋಡಿ, ನಾವು ಹೇಳಿರಲಿಲ್ವಾ? ಇನ್ನೂ ತಯಾರಾಗಿಲ್ಲ" ಅಂತ ಕೆಲಸ ಬಿಡಿಸುತ್ತಿದ್ದರು. ನಾವು ಬಿಡಿಸಲಿಲ್ಲ. ಅವತ್ತೇ ಅವನ ಮನೆಗೆ ಹೋದೆ. ಅವತ್ತೇ ಡಾಕ್ಟರ್ ಔಷಧಿಯ ಪ್ರಮಾಣ ಸರಿ ಮಾಡಿದರು. ಅವನು ಒಪ್ಪಿದ ಮೇಲೆ ಸಂಬಳ ನೇರ ತಂಗಿಯ ಜೊತೆಗಿನ ಜಂಟಿ ಖಾತೆಗೆ ಹೋಗುವ ಹಾಗೆ ಮಾಡಿದೆವು. ಬುಧವಾರ ಅವನೇ ಯಜಮಾನನಿಗೆ ಫೋನ್ ಮಾಡಿ ನಡೆದದ್ದು ಹೇಳಿದ. ಯಜಮಾನ "ನಾಳೆ ಎಂಟಕ್ಕೆ ಬಾ, ಎರಡು ಬ್ರೇಕ್ ಕೆಲಸ ಇದೆ" ಅಂದನಂತೆ. ಅಷ್ಟೇ. ನಾನು ಓಹಾಯೋ ಬಿಟ್ಟು ಬರುವಾಗ ಅವನು ಅಲ್ಲೇ ಇದ್ದ. ಪೂರ್ತಿ ವಾರದ ಕೆಲಸ. ನಾಲ್ಕನೇ ವರ್ಷ.

ಸಮಯ ಬಹಳ ಹೋಯಿತು, ಉಳಿದದ್ದನ್ನು ಓಡಿಸಿಕೊಂಡು ಹೇಳುತ್ತೇನೆ. ನಾವು ಮಾಡಿದ ಈ ಪದ್ಧತಿಗೆ ಐಪಿಎಸ್ ಅಂತ ಹೆಸರು. ಪೊಲೀಸ್ ಐಪಿಎಸ್ ಅಲ್ಲ, ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಾಬರ್ಟ್ ಡ್ರೇಕ್, ಡೆಬೊರಾ ಬೆಕರ್ ಎಂಬಿಬ್ಬರು 1990ರ ದಶಕದಲ್ಲಿ ಮಾನಸಿಕ ಕಾಯಿಲೆ ಇರುವವರಿಗಾಗಿ ರೂಪಿಸಿದ್ದು. ಕೆಲಸ ಬೇಕು ಅಂದವನಿಗೆ ಇಲ್ಲ ಅನ್ನುವಂತಿಲ್ಲ. ಒಂದು ತಿಂಗಳೊಳಗೆ ಹುಡುಕಾಟ ಶುರುವಾಗಬೇಕು. ಉದ್ಯೋಗ ಸಲಹೆಗಾರರು ಡಾಕ್ಟರ್ ಜೊತೆ ಒಂದೇ ಮೇಜಿನಲ್ಲಿ ಕೂರಬೇಕು. ಒಬ್ಬರ ಕೈಯಲ್ಲಿ 20 ಜನರಿಗಿಂತ ಜಾಸ್ತಿ ಇರಬಾರದು. ಕೆಲಸ ಸಿಕ್ಕ ಮೇಲೂ ಕೈ ಬಿಡಬಾರದು. ಅಲಬಾಮಾ ರಾಜ್ಯದ ಟಸ್ಕಲೂಸಾದಲ್ಲಿ, ಯುದ್ಧದ ಆಘಾತದಿಂದ ನರಳುತ್ತಿದ್ದ 85 ಮಾಜಿ ಸೈನಿಕರನ್ನು ಎರಡು ಗುಂಪು ಮಾಡಿ ನೋಡಿದರು. ಹೀಗೆ ನೇರ ಕೆಲಸಕ್ಕೆ ಕಳಿಸಿದ ಗುಂಪಿನಲ್ಲಿ ನೂರಕ್ಕೆ 76 ಜನರಿಗೆ ಹೊರಗಿನ ಕೆಲಸ ಸಿಕ್ಕಿತು. ಹಳೇ ಪದ್ಧತಿಯಲ್ಲಿ ನೂರಕ್ಕೆ 28. ಇದು 2012ರಲ್ಲಿ ಪ್ರಕಟವಾದ ಲೆಕ್ಕ. ಇಷ್ಟು ಗೊತ್ತಿದ್ದೂ ಇನ್ನೂ "ಆಮೇಲೆ, ಆಮೇಲೆ" ಅನ್ನುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ, ಕ್ಷಮಿಸಿ.

ಔಷಧಿ ತೆಗೆದುಕೊಳ್ಳುತ್ತಿದ್ದಾನೆ ಅಂದರೆ ಇನ್ನೂ ಚಟದಲ್ಲೇ ಇದ್ದಾನೆ ಅಂತ ತಿಳಿಯಬೇಡಿ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಂಡು ಕೆಲಸಕ್ಕೆ ಬರುವುದಿಲ್ಲವಾ? ಇದೂ ಹಾಗೇ. ಚೀಟಿ ಪ್ರಕಾರ ಈ ಔಷಧಿ ತೆಗೆದುಕೊಳ್ಳುವವರಿಗೆ ಬರೀ ಆ ಕಾರಣಕ್ಕೆ ಕೆಲಸ ನಿರಾಕರಿಸುವುದು ಅಲ್ಲಿ ಅಂಗವಿಕಲರ ಕಾನೂನಿಗೆ ವಿರುದ್ಧ. 2022ರಲ್ಲಿ ಅಲ್ಲಿನ ನ್ಯಾಯ ಇಲಾಖೆ ಇದನ್ನು ಬಿಡಿಸಿ ಹೇಳಿದೆ.

ಇನ್ನು ನಮ್ಮ ಕಡೆ. ಇಲ್ಲಿ ಹೆರಾಯಿನ್‌ಗಿಂತ ಹೆಂಡದ ಕಾಟ ಜಾಸ್ತಿ, ನನಗೆ ಗೊತ್ತು. ಆದರೆ ಖಾಲಿ ದಿನ ಎರಡು ಕಡೆಯೂ ಒಂದೇ. ನಮ್ಮ ಜವಾನರಲ್ಲಿ ಬಹಳ ಜನ ನಲವತ್ತರ ಆಸುಪಾಸಿನಲ್ಲೇ ಮನೆಗೆ ಬಂದುಬಿಡುತ್ತಾರೆ. ಇನ್ನೂ ಅರ್ಧ ಆಯಸ್ಸು ಬಾಕಿ ಇರುತ್ತದೆ. ಜಿಲ್ಲೆಯಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇದೆ, ಕೆಲಸಕ್ಕೆ ಅಲ್ಲಿ ಹೆಸರು ಬರೆಸಿ. ಚಿಕಿತ್ಸೆಗೆ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ಎರಡನ್ನೂ ಒಂದೇ ವಾರದಲ್ಲಿ ಮಾಡಿ. ಒಂದು ಮುಗಿಯಲಿ ಅಂತ ಇನ್ನೊಂದನ್ನು ಕಾಯಿಸಬೇಡಿ.

ಗ್ಯಾರೇಜ್ ಇಟ್ಟುಕೊಂಡಿರುವವರೇ, ನಿಮ್ಮ ಬೀದಿಯಲ್ಲೇ ಅಂಥ ಒಬ್ಬ ಇರಬಹುದು. ಗೇರ್‌ಬಾಕ್ಸ್ ಬಿಚ್ಚುವುದು ಗೊತ್ತಿದ್ದೂ ಮಧ್ಯಾಹ್ನ ಹನ್ನೆರಡರವರೆಗೆ ಮಲಗಿರುವವನು. ಈ ಸೋಮವಾರ ಅವನನ್ನು ನಾಲ್ಕು ತಾಸಿನ ಕೆಲಸಕ್ಕೆ ಕರೆಯಿರಿ. ದುಡಿದದ್ದಕ್ಕೆ ಪೂರ್ತಿ ಕೂಲಿ ಕೊಡಿ.

ಮನೆಯವರು ಪೆನ್ನು ತೆಗೆದುಕೊಂಡು ಗೋಡೆಯ ಕ್ಯಾಲೆಂಡರ್ ಮೇಲೆ ಒಂದು ನಂಬರ್ ಬರೆದುಕೊಳ್ಳಿ. ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, ಫೋನಿಗೆ ದುಡ್ಡು ಬೀಳುವುದಿಲ್ಲ. ಒಂದು, ನಾಲ್ಕು, ನಾಲ್ಕು, ನಾಲ್ಕು, ಆರು. ಇನ್ನೊಂದು ಸಲ ಹೇಳುತ್ತೇನೆ, 14446.

ನಮಸ್ಕಾರ.